ದೇವವಾಕ್ಯವೂ ನಮ್ಮ ಪೂರ್ವಜರ ಭರವಸೆಯೂ



ಶತಮಾನೋತ್ಸವದ ಈ ಸಂದರ್ಭದಲ್ಲಿ ನಮ್ಮ ದೃಷ್ಟಿ ಇಗರ್ಜಿಯ ಕಟ್ಟಡದ ಕಡೆಗೂ ಅದಕ್ಕಾಗಿ ಬೆವರು ಸುರಿಸಿದ ಹಿರಿಯರ ಕಡೆಗೂ ಹರಿಯುವುದು ಸಹಜ. ಆದರೆ ಇಗರ್ಜಿಯೂ ಗುರುಗಳೂ ಇಲ್ಲದ ಹದಿನೈದು ವರ್ಷಗಳನ್ನು ನಮ್ಮ ಪೂರ್ವಜರು ಕಳೆದದ್ದುಂಟು. ಆಗ ಅವರನ್ನು ಬದುಕಿಸಿದ್ದು ಯಾವುದು ಎಂಬ ಪ್ರಶ್ನೆಯನ್ನು ಇಂದು ನಾವು ಕೇಳಿಕೊಳ್ಳಬೇಕಾಗಿದೆ.

ಇಲ್ಲಿಗೆ ಸಮೀಪದ ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು 1604ರಲ್ಲಿ. ಅದಾಗಿ ಹನ್ನೆರಡು ವರ್ಷಗಳಿಗೆ, 1616ರಲ್ಲಿ, ಗೋವೆಯಲ್ಲಿ ‘ಕ್ರಿಸ್ತಪುರಾಣ’ ಅಚ್ಚಾಯಿತು. ಅದನ್ನು ರಚಿಸಿದವರು ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸ್; ಇಂಗ್ಲೆಂಡಿನಲ್ಲಿ ಹುಟ್ಟಿ, 1579ರಲ್ಲಿ ಗೋವೆಗೆ ಬಂದು, ಇಲ್ಲಿನ ಭಾಷೆಗಳನ್ನು ತಮ್ಮದಾಗಿಸಿಕೊಂಡವರು. ಕೊಂಕಣಿಯ ಸೊಗಡು ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಸುಮಾರು ಹನ್ನೊಂದು ಸಾವಿರ ಪದ್ಯಗಳು. ಮೊದಲ ಭಾಗದಲ್ಲಿ ಹಳೆಯ ಒಡಂಬಡಿಕೆಯ ಕಥೆ, ಎರಡನೆಯದರಲ್ಲಿ ಯೇಸುಸ್ವಾಮಿಯ ಚರಿತೆ. ಅಕ್ಷರ ಬಾರದವರೂ ಕೇಳಿ ಕಲಿಯುವಂತೆ, ಹಾಡಿ ಮಕ್ಕಳಿಗೆ ದಾಟಿಸುವಂತೆ ಅದು ಕಟ್ಟಲ್ಪಟ್ಟಿತ್ತು. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ನಮ್ಮ ಕುಟುಂಬಗಳು ಈ ಪದ್ಯಗಳನ್ನೂ ಜೊತೆಗೆ ತಂದವು.

1784ರಲ್ಲಿ ಆ ವಿಪತ್ತು ಬಂದೆರಗಿತು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅದು ವಿಭೂತಿ ಬುಧವಾರದಂದು ಆರಂಭವಾಯಿತೆಂದು ಪರಂಪರೆ ನೆನೆಯುತ್ತದೆ. ಗುರುಗಳನ್ನು ಗಡೀಪಾರು ಮಾಡಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. ದಾರಿಯಲ್ಲಿ ಹಸಿವಿಗೂ ರೋಗಕ್ಕೂ ತುತ್ತಾದವರು ಅಸಂಖ್ಯ. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಮನೆಯಿಲ್ಲ, ಮಠವಿಲ್ಲ. ಯಾವ ಸೈನಿಕನಿಂದಲೂ ಕಸಿದುಕೊಳ್ಳಲಾಗದೆ ಉಳಿದದ್ದು ಬಾಯಿಪಾಠವೊಂದೇ: ಜಪಗಳು ಮತ್ತು ಪುರಾಣದ ಓವಿಗಳು. ಆ ಓವಿಗಳೇ ಸೆರೆಯಲ್ಲಿ ತಮ್ಮ ವಿಶ್ವಾಸವನ್ನು ಕಾಪಾಡಿದವೆಂದು ನಮ್ಮ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಪತನವಾದಾಗ ಊರಿಗೆ ಮರಳಿದವರು ಒಂದು ಪಾಲು ಮಾತ್ರ. ಉಳಿದವರ ಪ್ರಾರ್ಥನೆ ವ್ಯರ್ಥವಾಯಿತೇ? ಪ್ರವಾದಿ ಯೆರೆಮೀಯನು ಬಾಬಿಲೋನಿನ ಸೆರೆಯಾಳುಗಳಿಗೆ ಬರೆದ ಪತ್ರವನ್ನು ಓದಿರಿ. ಬಿಡುಗಡೆ ನಾಳೆಯೇ ಎಂದು ಆತ ಹುಸಿ ನುಡಿಯಲಿಲ್ಲ. ಎಪ್ಪತ್ತು ವರ್ಷ ಎಂದನು. ಆದರೂ ಮನೆ ಕಟ್ಟಿರಿ, ತೋಟ ನೆಡಿರಿ ಎಂದನು. ಅಡಿಕೆ ಸಸಿ ನೆಡುವ ನಮ್ಮ ಊರಿನ ವೃದ್ಧನಿಗೆ ಈ ಮಾತು ಅರ್ಥವಾಗುತ್ತದೆ. ಫಲ ತಾನು ಕಾಣದಿದ್ದರೂ ನೆಡುವುದನ್ನು ಅವನು ಬಿಡುವುದಿಲ್ಲ. ಸೆರೆಯಲ್ಲಿ ಮಡಿದ ತಾಯಿ ತನ್ನ ಮಗುವಿನ ಕಿವಿಯಲ್ಲಿ ನೆಟ್ಟದ್ದೂ ಅಂತಹ ಸಸಿಯೇ. ನಮ್ಮ ಧರ್ಮಕೇಂದ್ರಗಳು ಅದರ ಫಲ.

ಮಂಗಳೂರಿನಲ್ಲಿ ಕೈಬರಹದ ಪ್ರತಿಗಳನ್ನು ಆಧರಿಸಿ ಜೆ. ಎಲ್. ಸಲ್ಡಾನ್ಹಾ ಅವರು 1907ರಲ್ಲಿ ಕ್ರಿಸ್ತಪುರಾಣವನ್ನು ಮತ್ತೆ ಅಚ್ಚು ಹಾಕಿಸಿದರು. ಗೋವೆಯ ಹಳೆಯ ಮುದ್ರಿತ ಪ್ರತಿಗಳು ಕಣ್ಮರೆಯಾಗಿದ್ದಾಗ, ಅದನ್ನು ಉಳಿಸಿಕೊಟ್ಟವರು ಈ ಕರಾವಳಿಯ ಭಕ್ತರು.

ನಾನು ಕಿರಿಯ ಗುರುವಾಗಿದ್ದಾಗ, ಹಾಸಿಗೆ ಹಿಡಿದ ಒಬ್ಬ ಅಜ್ಜಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಓದು ಬರಹವನ್ನು ಅವರು ಕಲಿತೇ ಇರಲಿಲ್ಲ. ಸೆಮಿನರಿಯಲ್ಲಿ ಪರೀಕ್ಷೆಗೆಂದು ಪವಿತ್ರ ಗ್ರಂಥವನ್ನು ಓದಿದ್ದ ನಾನು ಸಾಂತ್ವನದ ಮಾತಿಗಾಗಿ ತಡಕಾಡುತ್ತಿದ್ದೆ. ಅವರೋ ಲಾಜರನ ಕಥೆಯನ್ನು ಕೊಂಕಣಿಯಲ್ಲಿ ಆದ್ಯಂತ ಹೇಳಿ, “ನನ್ನನ್ನೂ ಕರೆಯುತ್ತಾನೆ, ಫಾದರ್” ಎಂದರು. ಅಂದು ಸಾಂತ್ವನ ಪಡೆದವನು ನಾನು.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಗ್ರಂಥವನ್ನು ಸಕಲ ವಿಶ್ವಾಸಿಗಳ ಕೈಗೆ ತೆರೆದಿಡಬೇಕೆಂದು ಬೋಧಿಸಿತು. ಇಂದು ಆ ಗ್ರಂಥ ನಮ್ಮ ಮನೆಗಳಲ್ಲಿದೆ. ಆದರೆ ಮನೆ ಆಶೀರ್ವಾದಕ್ಕೆ ಹೋದಾಗ ಎಷ್ಟೋ ಕಡೆ ಅದು ಹೊಸದಾಗಿಯೇ, ಧೂಳು ತಾಗದಂತೆ, ಪೀಠದ ಮೇಲೆ ಮುಚ್ಚಿರುವುದನ್ನು ಕಂಡಿದ್ದೇನೆ. ಶ್ರೀಗ್ರಂಥವು ತರುವ ಸಹನೆ ಮತ್ತು ಸಾಂತ್ವನದಿಂದಲೇ ಭರವಸೆ ಉಳಿಯುತ್ತದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಬೋಧಿಸಿದ್ದಾರೆ. ಗ್ರಂಥವಿಲ್ಲದೆಯೂ ವಾಕ್ಯವನ್ನು ಉಳಿಸಿಕೊಂಡವರ ಮಕ್ಕಳು ನಾವು. ಗ್ರಂಥವಿದ್ದೂ ವಾಕ್ಯವನ್ನು ಕಳೆದುಕೊಂಡವರಾಗದಿರೋಣ. ಸಂಜೆಯ ಜಪಸರದ ಬಳಿಕ ಒಂದು ಅಧ್ಯಾಯ ಓದಿರಿ. ಒಂದು ವಾಕ್ಯವನ್ನಾದರೂ ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ. ಕತ್ತಲೆಯ ದಿನ ಬಂದಾಗ ಕೈಗೆ ಸಿಗುವ ದೀಪ ಅದೇ.

ಕರುಣಾಮಯನಾದ ದೇವರು ನಿಮ್ಮೆಲ್ಲರನ್ನೂ ಹರಸಲಿ.