ಗುಡ್ಡದ ಭೂತವನ್ನು ಮನೆಗೆ ತಂದವರು

ಮಂಗಳೂರಿನ ಯಾವುದಾದ್ರೂ ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ‘ಡೆನ್ನಾನ ಡೆನ್ನಾನ’ ಹಾಡನ್ನು ಸುಮ್ನೆ ಗುನುಗಿ ನೋಡಿ. ಇಪ್ಪತ್ತೈದರ ಹುಡುಗರು ‘ರಂಗಿತರಂಗ’ ಅಂತಾರೆ. ನಲವತ್ತು ದಾಟಿದವರು ‘ಗುಡ್ಡದ ಭೂತ’ ಅಂತಾರೆ. ಎರಡೂ ಸರಿಯೇ. 2015ರಲ್ಲಿ ಬಂದ ಅನೂಪ್ ಭಂಡಾರಿಯವರ ಸಿನಿಮಾ ಆ ಹಾಡನ್ನು ತಗೊಂಡಿದ್ದು 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ ಧಾರಾವಾಹಿಯಿಂದ. ಅದರಲ್ಲಿ ನಟಿಸಿದ್ದು ಯಾರು ಅಂತ ಕೇಳಿದ್ರೆ ಪ್ರಕಾಶ್ ರೈ ಅನ್ನೋ ಉತ್ತರವೂ ಕೂಡಲೇ ಬರುತ್ತೆ. ನಿರ್ದೇಶಕರು ಯಾರು ಅಂದ್ರೆ ಮಾತ್ರ ಎಲ್ಲರೂ ಫೋನ್ ತೆಗೀತಾರೆ.

ಅವರ ಹೆಸರು ಸದಾನಂದ ಸುವರ್ಣ. 1931ರಲ್ಲಿ ಹುಟ್ಟಿದ್ದು ಮುಲ್ಕಿಯಲ್ಲಿ. ಇಲ್ಲಿಂದ ಉಡುಪಿ ಕಡೆಗೆ ಬಸ್ಸು ಹತ್ತಿದ್ರೆ ಒಂದು ಗಂಟೆಯೊಳಗೆ ಸಿಗುವ ಊರು. ಆ ಕಾಲದ ನಮ್ಮ ಕರಾವಳಿಯ ಸಾವಿರಾರು ಜನರ ಹಾಗೆ ಅವರದ್ದೂ ಮುಂಬೈ ದಾರಿ. ಹೋಟೆಲು, ಮಿಲ್ಲು, ಆಫೀಸುಗಳಲ್ಲಿ ದುಡಿದ ತುಳುವರು ಮತ್ತು ಕನ್ನಡಿಗರು ಮುಂಬೈಯಲ್ಲಿ ತಮ್ಮದೇ ಸಂಘ, ರಾತ್ರಿಶಾಲೆ, ನಾಟಕ ತಂಡಗಳನ್ನು ಕಟ್ಟಿಕೊಂಡಿದ್ರು. ಸುವರ್ಣರು ಪಳಗಿದ್ದು ಅಂಥ ರಂಗಭೂಮಿಯಲ್ಲಿ. ಟಿವಿಗೆ ಬರುವ ಹೊತ್ತಿಗೆ ಅವರಿಗೆ ಅರವತ್ತು ಹತ್ತಿರವಾಗಿತ್ತು.

ಅದಕ್ಕೆ ಮೊದಲು ಅವರು ಮಾಡಿದ ಒಂದು ಕೆಲಸ ಕನ್ನಡ ಸಿನಿಮಾದ ಚರಿತ್ರೆಯಲ್ಲಿ ಗಟ್ಟಿಯಾಗಿ ಕೂತಿದೆ. ಎಪ್ಪತ್ತರ ದಶಕದಲ್ಲಿ ಗಿರೀಶ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಆಗಷ್ಟೇ ಹೊರಬಂದ ಹುಡುಗ. ಕೈಯಲ್ಲಿದ್ದದ್ದು ಯು.ಆರ್. ಅನಂತಮೂರ್ತಿಯವರ ಕಥೆ. ಸ್ಟಾರ್ ಇಲ್ಲ, ಡ್ಯುಯೆಟ್ ಇಲ್ಲ, ಬಣ್ಣವೂ ಇಲ್ಲ. ಗರ್ಭಿಣಿಯಾದ ವಿಧವೆಯೊಬ್ಬಳು ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಊರಿಂದ ಹೊರಹಾಕುವ ಕಥೆ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಪಿಚ್ ಡೆಕ್‌ನ ಎರಡನೇ ಸ್ಲೈಡಿಗೇ ಹೂಡಿಕೆದಾರರು ಎದ್ದು ಹೋಗಬೇಕು. ಅದಕ್ಕೆ ನಿರ್ಮಾಪಕರಾದವರು ಸುವರ್ಣರು. 1977ರ ‘ಘಟಶ್ರಾದ್ಧ’ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಗೆದ್ದಿತು. ಸಂಗೀತಕ್ಕಾಗಿ ನಮ್ಮ ಬಂಟ್ವಾಳ ಕಡೆಯ ಬಿ.ವಿ. ಕಾರಂತರಿಗೂ ರಾಷ್ಟ್ರಪ್ರಶಸ್ತಿ ಬಂತು. ಹೆಸರು ಬಂದದ್ದು ನಿರ್ದೇಶಕರಿಗೆ, ಅದು ನ್ಯಾಯವೇ. ಆದ್ರೆ ಮೊದಲ ಸಿನಿಮಾ ಮಾಡುವವನನ್ನು ನಂಬಿ ದುಡ್ಡು ಹಾಕಿದವರೂ ಒಬ್ಬರಿದ್ದರು ಅನ್ನೋದು ಹಿಂದಿನ ಸಾಲಿಗೆ ಸರೀತು.

ಇನ್ನು ‘ಗುಡ್ಡದ ಭೂತ’. ಹದಿಮೂರು ಕಂತು. ಹದಿಮೂರೇ ಯಾಕೆ? ವಾರಕ್ಕೊಂದರಂತೆ ಹದಿಮೂರು ಕಂತು ಅಂದ್ರೆ ಮೂರು ತಿಂಗಳು, ವರ್ಷದ ಕಾಲು ಭಾಗ. ದೂರದರ್ಶನ ಆಗ ಧಾರಾವಾಹಿಗಳಿಗೆ ಒಪ್ಪಿಗೆ ಕೊಡ್ತಾ ಇದ್ದದ್ದು ಈ ಲೆಕ್ಕದಲ್ಲಿ. ಆಗುಂಬೆಯಲ್ಲಿ ಶಂಕರ್‌ನಾಗ್ ತೆಗೆದ ‘ಮಾಲ್ಗುಡಿ ಡೇಸ್’ 39 ಕಂತು, ಅಂದ್ರೆ ಹದಿಮೂರರ ಮೂರು ಪಟ್ಟು. ಈ ಅಳತೆ ನಿರ್ದೇಶಕರ ಕೈ ಕಟ್ಟುತ್ತಿತ್ತು ನಿಜ, ಅವರನ್ನು ಕಾಪಾಡುತ್ತಲೂ ಇತ್ತು. ಕಥೆ ಎಲ್ಲಿ ಮುಗೀಬೇಕು ಅಂತ ಮೊದಲೇ ಗೊತ್ತಿರುತ್ತಿತ್ತು. ಟಿಆರ್‌ಪಿ ಏರಿತು ಅಂತ ಸತ್ತವನನ್ನು ಎಬ್ಬಿಸಿ ಇನ್ನೂ ಇನ್ನೂರು ಕಂತು ಎಳೆಯುವ ಹಾಗಿರಲಿಲ್ಲ. ಹೆದರಿಸುವ ಕಥೆಗಂತೂ ಅಂಥ ಬಿಗಿ ಬೇಕೇ ಬೇಕು.

ಹೆಸರಿನಲ್ಲೂ ಒಂದು ಮಜಾ ಉಂಟು. ಘಟ್ಟದ ಮೇಲಿನವರಿಗೆ ಭೂತ ಅಂದ್ರೆ ದೆವ್ವ. ನಮ್ಮ ತುಳುನಾಡಿನಲ್ಲಿ ಭೂತ ಅಂದ್ರೆ ಕೋಲ ಕೊಟ್ಟು ನಂಬುವ ದೈವವೂ ಹೌದು. ಒಂದೇ ಶೀರ್ಷಿಕೆ ಬೆಂಗಳೂರಿನ ಮನೆಯಲ್ಲಿ ಒಂದು ಥರ ಕೇಳಿಸ್ತದೆ, ಬೆಳ್ತಂಗಡಿಯ ಮನೆಯಲ್ಲಿ ಇನ್ನೊಂದು ಥರ. ಶೀರ್ಷಿಕೆ ಗೀತೆಯ ‘ಡೆನ್ನಾನ’ ಕೂಡ ತುಳುವಿನ ಗದ್ದೆ ಕೆಲಸದ ಹಾಡುಗಳಲ್ಲಿ ಬರುವ ಸೊಲ್ಲು. ನಾಟಿ ಮಾಡುವ ಹೆಂಗಸರ ಬಾಯಲ್ಲಿದ್ದ ಸೊಲ್ಲು ಧಾರಾವಾಹಿಗೆ ಬಂದ ಮೇಲೆ ಮೈ ಜುಮ್ಮೆನ್ನಿಸುವ ರಾಗ ಆಗಿಹೋಯ್ತು. ನಮ್ಮ ಹಳ್ಳಿಯಲ್ಲಿ ಆಗ ಟಿವಿ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ನೋಡಿ ವಾಪಸ್ ಬರುವಾಗ ತೋಟದ ದಾರಿಯಲ್ಲಿ ಒಬ್ಬರೇ ನಡೆಯಲಿಕ್ಕೆ ಯಾರೂ ತಯಾರಿರ್ತಿರಲಿಲ್ಲ ಅಂತ ಅಮ್ಮ ಈಗಲೂ ನಗಾಡ್ತಾರೆ. ಪೇಟೆಯ ಬಂಗಲೆ, ಡಿಸ್ಕೋ ಲೈಟು ನೋಡಿದ್ದ ಕಣ್ಣುಗಳಿಗೆ ತಮ್ಮದೇ ಗುಡ್ಡ ಪರದೆ ಮೇಲೆ ಬಂದದ್ದು ಸಣ್ಣ ವಿಷಯ ಆಗಿರಲಿಲ್ಲ. ‘ಕಾಂತಾರ’ಕ್ಕೆ ಮೂವತ್ತು ವರ್ಷ ಮೊದಲು ನಡೆದ ಮಾತಿದು.

ಪ್ರಕಾಶ್ ರೈ ಆಗ ರಂಗಭೂಮಿಯ ಹುಡುಗ. ತಮಿಳಿನಲ್ಲಿ ಬಾಲಚಂದರ್ ಅವರ ‘ಡ್ಯುಯೆಟ್’ ಬಂದದ್ದು 1994ರಲ್ಲಿ. ಆ ಹೊತ್ತಿಗೆ ಕನ್ನಡದ ಮನೆಗಳಿಗೆ ಅವರ ಮುಖ ಪರಿಚಯವಾಗಿ ಕೆಲವು ವರ್ಷಗಳೇ ಕಳೆದಿದ್ದವು. ಅಲ್ಲಿ ಕಾಸರವಳ್ಳಿ, ಇಲ್ಲಿ ಪ್ರಕಾಶ್ ರೈ. ಇನ್ನೂ ಹೆಸರು ಮಾಡಿರದವರ ಕೈಗೆ ದೊಡ್ಡ ಕೆಲಸ ಕೊಡುವುದು ಸುವರ್ಣರಿಗೆ ಅಭ್ಯಾಸವೇ ಆಗಿತ್ತೇನೋ. ಮುಂದೆ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ ಕಥೆಯನ್ನು ತಾವೇ ಸಿನಿಮಾ ಮಾಡಿದ್ರು. ಡಾಕ್ಟರ್ ಕುಬಿಯ ಪಾತ್ರಕ್ಕೆ ಚಾರುಹಾಸನ್. ‘ತಬರನ ಕಥೆ’, ‘ಡೇರ್‌ಡೆವಿಲ್ ಮುಸ್ತಾಫಾ’ ಸಿನಿಮಾಗಳ ಕಥೆ ಇರುವ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲೇ ಆ ಕಥೆಯೂ ಇದೆ.

ಕೊನೆಯ ವರ್ಷಗಳಲ್ಲಿ ಸುವರ್ಣರು ಮಂಗಳೂರಿನಲ್ಲೇ ಇದ್ದರು. 2024ರ ಜುಲೈಯಲ್ಲಿ ತೀರಿಕೊಂಡಾಗ 92 ವರ್ಷ. ಎರಡು ತಿಂಗಳು ತುಂಬುವ ಮೊದಲೇ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ‘ಘಟಶ್ರಾದ್ಧ’ದ ಹೊಸ ಪ್ರತಿ ತೆರೆ ಕಂಡಿತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದಕ್ಕೆ ಮರುಜೀವ ಕೊಟ್ಟಿದ್ದವು.

ಫಿಲ್ಮ್ ನೆಗೆಟಿವ್ ಉಳಿದಿದ್ರೆ ಐವತ್ತು ವರ್ಷ ಬಿಟ್ಟು 4ಕೆ ಸ್ಕ್ಯಾನ್ ಮಾಡಬಹುದು. ಟಿವಿಯ ಹಣೆಬರಹ ಬೇರೆ. ಹಳೆಯ ವಿಡಿಯೋ ಟೇಪಿನಲ್ಲಿ ಕಾಣುವ ಗೆರೆಗಳೇ ಆರುನೂರಕ್ಕಿಂತ ಕಡಿಮೆ. ಬೂಸ್ಟು ಹಿಡಿದ್ರೆ ಅದೂ ಹೋಯ್ತು. ಸಾಲದ್ದಕ್ಕೆ, ಟೇಪು ದುಬಾರಿ ಅಂತ ಅಳಿಸಿ ಮತ್ತೆ ಬಳಸುವ ಪದ್ಧತಿ. ಬ್ರಿಟನ್ನಿನ ಬಿಬಿಸಿಯಂಥ ಸಂಸ್ಥೆಯೇ ಹೀಗೆ ಅಳಿಸಿದ್ದರಿಂದ ‘ಡಾಕ್ಟರ್ ಹೂ’ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಹಳೆಯ ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ಕೆಲವಕ್ಕೆ ಉಳಿದಿರೋದು ಆಗಿನ ವೀಕ್ಷಕರು ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಧ್ವನಿ ಮಾತ್ರ.

ನಮ್ಮ ಕೋಡಿನಲ್ಲಿ ಯಾವ ಸಾಲನ್ನು ಯಾರು ಬರೆದ್ರು ಅಂತ ಗಿಟ್ ಒಂದೇ ಕಮಾಂಡಿನಲ್ಲಿ ಹೇಳ್ತದೆ. ಧಾರಾವಾಹಿ ಮಾಡಿದವರಿಗೆ ಆ ಭಾಗ್ಯ ಇಲ್ಲ. ಕೊನೆಯಲ್ಲಿ ಸರ್ರನೆ ಓಡುವ ಹೆಸರುಗಳ ಪಟ್ಟಿಯೇ ಅವರ ದಾಖಲೆ, ಅದನ್ನೂ ನಾವೀಗ ಸ್ಕಿಪ್ ಮಾಡ್ತೇವೆ. ‘ಘಟಶ್ರಾದ್ಧ’ಕ್ಕೆ ಸಿಕ್ಕ ಆರೈಕೆ ದೂರದರ್ಶನದ ಆ ಕಾಲದ ಕನ್ನಡ ಧಾರಾವಾಹಿಗಳಿಗೂ ಸಿಗಬೇಕು. ಟೇಪುಗಳನ್ನು ಹುಡುಕುವುದು, ಡಿಜಿಟಲ್ ಮಾಡುವುದು, ಯಾರು ಏನು ಮಾಡಿದ್ರು ಅಂತ ಬರೆದಿಡುವುದು ಯಾವುದೂ ರಾಕೆಟ್ ವಿಜ್ಞಾನವಲ್ಲ. ದಿನವಿಡೀ ಬೇರೆ ದೇಶದ ಬ್ಯಾಂಕುಗಳ ಡೇಟಾ ಜೋಪಾನ ಮಾಡುವವರು ಈ ಊರಲ್ಲೇ ಎಷ್ಟು ಜನ ಇದ್ದೇವೆ! ಆ ಧಾರಾವಾಹಿಗಳಲ್ಲಿ ದುಡಿದವರಲ್ಲಿ ಕೆಲವರಾದ್ರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವುದಕ್ಕೆ ಸರಿಯಾದ ಸಮಯ ಈಗಲೇ.