ಊರಲ್ಲಿ ನಿಂತವರ ವಿದ್ಯೆ

ಅಂತರರಾಷ್ಟ್ರೀಯ ತಾಯಿ-ಮಗು ಪೋಷಣೆಯಲ್ಲಿ ಕೆಲಸ ಹಿಡಿಯಬೇಕೆನ್ನುವವರು ಈಗ ಮೊದಲು ಕೇಳುವುದು, ಲಂಡನ್ನಿನಲ್ಲಿ ಎಂ.ಎಸ್‌ಸಿ. ಮಾಡಲೋ ಬಾಲ್ಟಿಮೋರಿನಲ್ಲೋ ಎಂದು. ಎರಡೂ ಒಳ್ಳೆಯವೇ. ಆದರೆ ಈ ಕ್ಷೇತ್ರ 2008ರ 'ಲ್ಯಾನ್ಸೆಟ್' ಲೇಖನಮಾಲೆಯಿಂದ, ಬಸಿರಿನಿಂದ ಎರಡು ವರ್ಷ ತುಂಬುವವರೆಗಿನ 'ಮೊದಲ ಸಾವಿರ ದಿನ'ಗಳ ಘೋಷಣೆಯಿಂದ ಹುಟ್ಟಿತೆಂದು ಅವರಲ್ಲಿ ಬಹಳ ಮಂದಿ ನಂಬಿದ್ದಾರೆ. ಅದು ಸರಿಯಲ್ಲ.

ಆರಂಭದ ಕಥೆ ಬಲ್ಲವರಿಗೆ ಹಳೆಯದು. ಇಂದಿನ ಘಾನಾದಲ್ಲಿ ವೈದ್ಯೆಯಾಗಿದ್ದ ಸಿಸಿಲಿ ವಿಲಿಯಮ್ಸ್ 1933ರಲ್ಲಿ, ಮೆಕ್ಕೆಜೋಳದ ಗಂಜಿಯಲ್ಲೇ ಬೆಳೆದು ಮೈ ಊದಿಕೊಂಡ ಮಕ್ಕಳ ಕಾಯಿಲೆಯನ್ನು ವಿವರಿಸಿದರು. ಅಲ್ಲಿಂದ ಮುಂದೆ, ಎಲ್ಲಕ್ಕೂ ಪ್ರೋಟೀನಿನ ಕೊರತೆಯೇ ಕಾರಣವೆನ್ನುವ ಜ್ವರ. ಗ್ವಾಟೆಮಾಲದಲ್ಲಿ ಇಂಕಾಪರೀನಾ ಎಂಬ ಹಿಟ್ಟು, ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಶೇಂಗಾ-ಕಡಲೆ ಹಿಟ್ಟಿನ ಪೌಷ್ಟಿಕ ಪುಡಿ. ಊದಿಕೊಂಡ ಮಗುವೂ ಒಣಗಿದ ಮಗುವೂ ಉಣ್ಣುವುದು ಹೆಚ್ಚುಕಡಿಮೆ ಒಂದೇ ಊಟ, ಕೊರತೆ ಇರುವುದು ಒಟ್ಟು ಅನ್ನದಲ್ಲೇ ಎಂದು ಹೈದರಾಬಾದಿನ ಸಿ. ಗೋಪಾಲನ್ 1960ರ ದಶಕದಲ್ಲೇ ತೋರಿಸಿದ್ದರು. 1974ರಲ್ಲಿ ಪೋಷಣಾ ತಜ್ಞ ಮೆಕ್ಲಾರೆನ್ ಲ್ಯಾನ್ಸೆಟ್‌ನಲ್ಲಿ ಪ್ರೋಟೀನ್ ಅಧ್ಯಾಯದ ಜನ್ಮ ಜಾಲಾಡಿದ ಮೇಲಷ್ಟೇ ಜಗತ್ತಿಗೆ ಅದು ಕೇಳಿಸಿತು!

ನಮ್ಮ ತಲೆಮಾರು ಕೆಲಸಕ್ಕೆ ಬಂದದ್ದು ಅಂಗನವಾಡಿಗಳ ಕಾಲದಲ್ಲಿ. ಅವನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಗಿತ್ತು. ನಾವು ಕಲಿತ ಮೊದಲ ಪಾಠ ಎರಡು ವರ್ಷದೊಳಗಿನ ಮಗುವಿನ ಉದ್ದ ಅಳೆಯುವುದು. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ತಲೆಯನ್ನು ಅಳತೆ ಹಲಗೆಯ ನಿಂತ ಅಂಚಿಗೆ ತಾಗಿಸಿ ಹಿಡಿಯಬೇಕು. ಇನ್ನೊಬ್ಬರು ಮಂಡಿಗಳನ್ನು ಮೆಲ್ಲಗೆ ಒತ್ತಿ, ಜಾರುಪಟ್ಟಿಯನ್ನು ಅಂಗಾಲಿಗೆ ತಂದು ಓದಬೇಕು. ಮಗು ಅಳುತ್ತಿರುತ್ತದೆ, ಅಜ್ಜಿ ಬೈಯುತ್ತಿರುತ್ತಾಳೆ. ಅರ್ಧ ಸೆಂಟಿಮೀಟರ್ ತಪ್ಪಿದರೂ ಗಡಿಯಲ್ಲಿರುವ ಮಗು 'ಕುಂಠಿತ ಬೆಳವಣಿಗೆ'ಯ ಲೆಕ್ಕದಿಂದ ಹೊರಗೋ ಒಳಗೋ ಹೋಗುತ್ತದೆ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆಗಳಲ್ಲಿ ಕಾಣುವ ಬಣ್ಣವೆಲ್ಲ ಬಂದದ್ದು ಇಂಥ ಹಲಗೆಗಳಿಂದ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು, ಅಂದರೆ ಊರಿನವರ ಮಿಷನ್ ಆಸ್ಪತ್ರೆಯನ್ನು, ಇಲ್ಲಿ ಹೇಳಲೇಬೇಕು. 1934ರಿಂದ ಅಲ್ಲಿನ ಹೆರಿಗೆ ಕೋಣೆಯಲ್ಲಿ ಪ್ರತಿ ಕೂಸಿನ ತೂಕ, ಉದ್ದ, ತಲೆಸುತ್ತಳತೆ ಬರೆದಿಡುತ್ತಿದ್ದರು. ಯಾವ ಸಂಶೋಧನೆಗೂ ಅಲ್ಲ, ಶಿಸ್ತಿಗೆ. ಅರ್ಧ ಶತಮಾನ ಕಳೆದ ಮೇಲೆ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಅವರ ತಂಡ ಆ ಕೂಸುಗಳನ್ನು ಮೈಸೂರಿನಲ್ಲಿ ಹುಡುಕಿ ಪರೀಕ್ಷಿಸಿತು. ಚಿಕ್ಕದಾಗಿ ಹುಟ್ಟಿದವರಲ್ಲಿ, ಅದರಲ್ಲೂ ತಾಯಿ ಕಡಿಮೆ ತೂಕದವಳಾಗಿದ್ದರೆ, ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಗೊತ್ತಾಯಿತು. ಪುಣೆ ಸುತ್ತಿನ ಹಳ್ಳಿಗಳಲ್ಲಿ ವೈದ್ಯ ಯಾಜ್ಞಿಕ್ ಮತ್ತವರ ಸಂಗಡಿಗರು ಬಸುರಿಯರ ಊಟವನ್ನು ನೋಡಿದರು. ಅಲ್ಲಿ ಕೂಸಿನ ಗಾತ್ರದೊಂದಿಗೆ ತಾಳೆಯಾದದ್ದು ಕ್ಯಾಲೊರಿಯೂ ಅಲ್ಲ, ಪ್ರೋಟೀನೂ ಅಲ್ಲ. ಸೊಪ್ಪು, ಹಾಲು, ಹಣ್ಣು. ಗ್ವಾಟೆಮಾಲದ ನಾಲ್ಕು ಹಳ್ಳಿಗಳ ಅಧ್ಯಯನದಲ್ಲಿ, 1969-77ರಲ್ಲಿ ಪೌಷ್ಟಿಕ ಗಂಜಿ ಕುಡಿದ ಕೂಸುಗಳು ದೊಡ್ಡವರಾದಾಗ, ಗಂಡಸರ ಗಂಟೆಗೂಲಿ ಸರಾಸರಿ ಶೇಕಡಾ 46 ಹೆಚ್ಚಿತ್ತು. ಸಾವಿರ ದಿನಗಳ ಘೋಷಣೆಗೆ ಆಧಾರ ಒದಗಿಸಿದವರಲ್ಲಿ ಇವರೆಲ್ಲ ಇದ್ದಾರೆ. ಘೋಷಣೆಯ ಭಿತ್ತಿಪತ್ರಗಳಲ್ಲಿ ಇವರ ಹೆಸರು ಸಿಗುವುದು ಅಪರೂಪ.

2010ರ ನಂತರದ್ದು ಒಕ್ಕೂಟಗಳ, ಸೂಚ್ಯಂಕಗಳ, ಎರಡು ವರ್ಷದ ಯೋಜನೆಗಳ ಕಾಲ. ಹಣ ಬಂತು, ಹುದ್ದೆಗಳೂ ಬಂದವು. ತಾಯಿ ಮಾತ್ರ ಈ ಲೆಕ್ಕದಲ್ಲಿ ಬಹುಪಾಲು ಮಗುವಿಗೆ ದಾರಿಯಾಗಿಯೇ ಉಳಿದಳು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ತಾಂಜಾನಿಯಾದವರ ಜೊತೆ ಸೇರಿ, ಬಸುರಿಯರ ರಕ್ತದೊತ್ತಡದ ತೊಂದರೆ ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಬದಲು 500 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕಾಗುತ್ತದೆಂದು 2024ರಲ್ಲಿ ತೋರಿಸಿದ್ದು ಇದಕ್ಕೆ ಹಿತವಾದ ಅಪವಾದ. ಬಾಣಂತಿಯ ಆಹಾರದ ಬಗ್ಗೆ ಇಂಥ ದೊಡ್ಡ ಅಧ್ಯಯನಗಳು ಇನ್ನೂ ವಿರಳ.

2025ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಮುಚ್ಚಿತು. ಅದರ ಹಣದ ಮೇಲಿದ್ದ ಆರೋಗ್ಯ ಸಮೀಕ್ಷೆಗಳಿಗೂ ಏಟು ಬಿತ್ತು, ವಾಷಿಂಗ್ಟನ್ ದಾರಿ ಹಿಡಿದ ಹಲವರು ಕೆಲಸ ಕಳೆದುಕೊಂಡರು. ಹಾಗಾಗಿ ನಮ್ಮಲ್ಲಿಗೆ ಕೆಲಸದ ಅರ್ಜಿ ಬಂದರೆ ನಾನು ಮೊದಲು ನೋಡುವುದು, ಇವರು ಒಂದೇ ತಾಲ್ಲೂಕಿನಲ್ಲಿ ನಾಲ್ಕಾರು ಮಳೆಗಾಲ ಕಳೆದಿದ್ದಾರೆಯೇ ಎಂದು. ಆದರೆ ಅಂಥ ಕೆಲಸಕ್ಕೆ ಹತ್ತು ವರ್ಷ ನಿಲ್ಲುವ ಸಂಬಳದ ಹುದ್ದೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.