ಭತ್ತದ ಗದ್ದೆಯ ತೋಳ ಜೇಡ: ಪಾರ್ಡೋಸಾ ಕುಲದ ವರ್ಗೀಕರಣ ಮತ್ತು ಹಂಚಿಕೆ

ಭತ್ತದ ಬೆಳೆಯಲ್ಲಿ ಜಿಗಿಹುಳುಗಳನ್ನು ಹತೋಟಿಯಲ್ಲಿಡುವ ಪ್ರಮುಖ ಪರಭಕ್ಷಕಗಳಲ್ಲಿ ತೋಳ ಜೇಡವೂ ಒಂದು. ಇದು ಬಲೆ ನೇಯ್ದು ಕಾಯುವುದಿಲ್ಲ. ನೆಲದ ಮೇಲೂ ನೀರಿನ ಮೇಲೂ ಓಡಾಡಿ ಬೇಟೆಯಾಡುತ್ತದೆ.

ವರ್ಗೀಕರಣ
ಜೇಡಗಳು ಕೀಟಗಳಲ್ಲ. ಕೀಟಗಳಿಗೆ ಆರು ಕಾಲುಗಳಿದ್ದರೆ ಜೇಡಗಳಿಗೆ ಎಂಟು. ರೆಕ್ಕೆಗಳಾಗಲಿ ಕುಡಿಮೀಸೆಗಳಾಗಲಿ ಇರುವುದಿಲ್ಲ.
ವರ್ಗ: ಅರ್ಯಾಕ್ನಿಡಾ
ಗಣ: ಅರೇನಿಯೇ
ಕುಟುಂಬ: ಲೈಕೋಸಿಡೇ
ಕುಲ: ಪಾರ್ಡೋಸಾ (ಸಿ. ಎಲ್. ಕಾಖ್, 1847)
ಈ ಕುಟುಂಬದ ಅತಿ ದೊಡ್ಡ ಕುಲವಾದ ಪಾರ್ಡೋಸಾದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. ಭತ್ತದ ಗದ್ದೆಯಲ್ಲಿ ಮುಖ್ಯವಾದುದು ಪಾರ್ಡೋಸಾ ಸ್ಯೂಡೋಆನ್ಯುಲೇಟಾ. ಹಳೆಯ ಪ್ರಕಟಣೆಗಳಲ್ಲಿ ಇದೇ ಪ್ರಭೇದವನ್ನು ಲೈಕೋಸಾ ಸ್ಯೂಡೋಆನ್ಯುಲೇಟಾ ಎಂದು ಹೆಸರಿಸಿರುವುದರಿಂದ ವಿಸ್ತರಣಾ ಕಾರ್ಯಕರ್ತರು ಇವೆರಡನ್ನೂ ಒಂದೇ ಎಂದು ತಿಳಿಯತಕ್ಕದ್ದು.

ಹಂಚಿಕೆ
ಪಾರ್ಡೋಸಾ ಕುಲವು ಏಷ್ಯಾ, ಯುರೋಪ್, ಆಫ್ರಿಕಾ ಹಾಗೂ ಅಮೆರಿಕ ಖಂಡಗಳಲ್ಲಿ ಹರಡಿದ್ದು, ಉತ್ತರ ಗೋಲಾರ್ಧದಲ್ಲಿ ಹೆಚ್ಚಿನ ವೈವಿಧ್ಯ ಹೊಂದಿದೆ. ಸ್ಯೂಡೋಆನ್ಯುಲೇಟಾ ಪ್ರಭೇದವು ಭಾರತ ಮತ್ತು ಪಾಕಿಸ್ತಾನದಿಂದ ಜಪಾನ್, ಫಿಲಿಪ್ಪೀನ್ಸ್ ಹಾಗೂ ಇಂಡೋನೇಷ್ಯಾದವರೆಗೆ ಕಂಡುಬರುತ್ತದೆ. ಕರ್ನಾಟಕದ ಭತ್ತದ ಗದ್ದೆಗಳಲ್ಲಿಯೂ ಇದೆ.

ಗುರುತಿಸುವ ಬಗೆ
ಕಣ್ಣುಗಳು ಮೂರು ಸಾಲುಗಳಲ್ಲಿರುತ್ತವೆ: ಮುಂದೆ ನಾಲ್ಕು ಚಿಕ್ಕವು, ನಡುವೆ ಎರಡು ದೊಡ್ಡವು, ಹಿಂದೆ ಎರಡು. ಬೆನ್ನಿನ ಮುಂಭಾಗದಲ್ಲಿ ಕವಲಿನಾಕಾರದ ಗುರುತಿರುತ್ತದೆ. ಹೆಣ್ಣು ಜೇಡವು ಮೊಟ್ಟೆಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡು ತಿರುಗುತ್ತದೆ. ಮರಿಗಳು ಹೊರಬಂದ ಬಳಿಕ ಅವುಗಳನ್ನು ಬೆನ್ನ ಮೇಲೆ ಹೊತ್ತೊಯ್ಯುತ್ತದೆ.

ಬೇಸಾಯದಲ್ಲಿ ಮಹತ್ವ
ನಾಟಿಯಾದ ಕೆಲವೇ ದಿನಗಳಲ್ಲಿ ಗದ್ದೆಗೆ ಬಂದು ಸೇರುವ ಈ ಜೇಡವು ದಿನಕ್ಕೆ 5ರಿಂದ 15 ಕೀಟಗಳನ್ನು ತಿನ್ನಬಲ್ಲದು. ಕಂದು ಜಿಗಿಹುಳು, ಹಸಿರು ಜಿಗಿಹುಳು ಹಾಗೂ ಕಾಂಡಕೊರಕದ ಪತಂಗಗಳು ಇದರ ಆಹಾರ. ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳಂತಹ ಕೀಟನಾಶಕಗಳನ್ನು ಸಿಂಪಡಿಸಿದಾಗ ಜೇಡಗಳು ನಾಶವಾಗಿ, ಬುಡದಲ್ಲಿ ಉಳಿದ ಕಂದು ಜಿಗಿಹುಳುಗಳು ಮೊದಲಿಗಿಂತಲೂ ಹೆಚ್ಚಾಗಿ ಮರುಕಳಿಸುತ್ತವೆ.

ರೈತರಿಗೆ ಸಲಹೆ
* ಸಿಂಪರಣೆಗೆ ಮುನ್ನ ಪೈರಿನ ಬುಡವನ್ನು ಬಿಡಿಸಿ ನೋಡಿ, ಜಿಗಿಹುಳು ಮತ್ತು ಜೇಡ ಎರಡನ್ನೂ ಎಣಿಸಬೇಕು.
* ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ, ಜೇಡಗಳಿಲ್ಲದಿದ್ದರೆ ತೆಂಡೆಗೆ ಒಂದು ಕಂದು ಜಿಗಿಹುಳು, ಬುಡಕ್ಕೊಂದು ಜೇಡವಿದ್ದರೆ ತೆಂಡೆಗೆ ಎರಡು ಜಿಗಿಹುಳುಗಳು ಆರ್ಥಿಕ ನಷ್ಟದ ಮಟ್ಟವೆನಿಸುತ್ತವೆ. ಅಂದರೆ ಬುಡಕ್ಕೊಂದು ಜೇಡವಿರುವ ಗದ್ದೆಯಲ್ಲಿ ಸಿಂಪರಣೆಯನ್ನು ಮುಂದೂಡಲು ಅವಕಾಶವಿದೆ.
* ಬದುಗಳ ಮೇಲೆ ಹುಲ್ಲಿನ ಸಣ್ಣ ಕಂತೆಗಳನ್ನು ಇಟ್ಟರೆ ಜೇಡಗಳಿಗೆ ಆಸರೆ ದೊರೆಯುತ್ತದೆ.